ಗುಬ್ಬಿಯ ಮಾತು ಇನ್ನಷ್ಟು ಹೇಳಿ

ನಿಮ್ಮ ಮನೆಯ ಬಟ್ಟೆ ಕಪಾಟಿನೊಳಗಿಂದ,
ಮಂಗಳವಾರ, ಹನ್ನೊಂದನೆಯ ತಾರೀಖು

ಪ್ರೀತಿಯ ಭಾವ,

ಹೇಗಿದ್ದೀರಿ? ಎಂಜಿನ್ ಕೋಣೆಯ ಸೆಕೆಗೆ ಬೆನ್ನ ತುಂಬ ಗುಳ್ಳೆ ಎದ್ದಿದೆ ಎಂದಿದ್ದಿರಿ, ವಾಸಿಯಾಯಿತೇ? ಹಡಗಿನ ಅಡುಗೆಯವರ ಜೊತೆ ಉಪ್ಪಿನ ಜಗಳ ಇನ್ನೂ ಮುಗಿದಿಲ್ಲವೇ? ನಾನು ಆರೋಗ್ಯವಾಗಿದ್ದೇನೆ. ವಾರವಿಡೀ ಲ್ಯಾಬಿನಲ್ಲಿ ಕಂಡವರ ರಕ್ತ ಪರೀಕ್ಷೆ, ಭಾನುವಾರ ಬೆಳಿಗ್ಗೆ ನಿಮ್ಮ ಕೋಟುಗಳ ನಡುವೆ ಮೈಕು ಹಿಡಿದು ಕೂತು ನನ್ನ ‘ಪುರಾವೆ ಎಲ್ಲಿ?’ ಪಾಡ್‌ಕಾಸ್ಟು. ಈ ಬೀದಿಯಲ್ಲಿ ನಿಮ್ಮ ಕಪಾಟಿನಷ್ಟು ಸದ್ದಿಲ್ಲದ ಜಾಗ ಬೇರೆ ಇಲ್ಲ. ಮೊದಲೆಲ್ಲ ಗುಬ್ಬಿಯೂ ನನ್ನ ಕಾಲ ಬಳಿ ಬಾಯಿಗೆ ಬೆರಳಿಟ್ಟುಕೊಂಡು ಕೂರುತ್ತಿದ್ದಳಲ್ಲ, ಅವಳ ಪುಟ್ಟ ಸ್ಟೂಲು ಇನ್ನೂ ಇಲ್ಲೇ ಇದೆ. ತೆಗೆಯಲು ಮನಸ್ಸು ಬಂದಿಲ್ಲ.

ಫೋನಿನಲ್ಲಿ ಅಕ್ಕ ನಿಮಗೆ ಚೆನ್ನಾಗಿದ್ದೇನೆ ಎನ್ನುತ್ತಾಳೆ. ಅವಳು ಚೆನ್ನಾಗಿಲ್ಲ, ಭಾವ. ನೀವು ಕೂತಿದ್ದರೆ ಒಮ್ಮೆ ಎದ್ದು ಓಡಾಡಿ ಬಂದು ಮುಂದಿನದನ್ನು ಓದಿ. ನಾಲ್ಕು ತಿಂಗಳಿಂದ ಅವಳು ಈ ಮನೆಯಲ್ಲಿಲ್ಲ. ತೀರಿಹೋದವರನ್ನು ಮಾತಾಡಿಸುತ್ತೇನೆ ಎನ್ನುವ ಒಬ್ಬ ಹೆಂಗಸಿನ ಮನೆಯಲ್ಲಿದ್ದಾಳೆ. ಗುಬ್ಬಿ ಹೋಗಿ ಒಂದೂವರೆ ವರ್ಷವಾದರೂ ದಿನಾ ಅಮ್ಮನ ಹತ್ತಿರ ಬಂದು ಮಾತಾಡುತ್ತಾಳಂತೆ. ಇಷ್ಟೇ ಆಗಿದ್ದರೆ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಆ ಹೆಂಗಸು, ಫಿಟ್ಸಿನ ಮಾತ್ರೆ ನಿನ್ನ ಕಿವಿ ಮಂದ ಮಾಡುತ್ತಿದೆ, ಅದನ್ನು ಬಿಟ್ಟರೆ ಮಗಳ ದನಿ ನಿನಗೇ ನೇರವಾಗಿ ಕೇಳುತ್ತದೆ ಎಂದಿದ್ದಾಳೆ. ಅಕ್ಕ ಬಿಟ್ಟಿದ್ದಾಳೆ. ಹೋದ ತಿಂಗಳು ಎರಡು ಸಲ ಬಿದ್ದಿದ್ದಾಳೆ, ಎರಡನೆಯ ಸಲ ಬಚ್ಚಲಿನಲ್ಲಿ. ಹುಬ್ಬಿನ ಮೇಲೆ ಐದು ಹೊಲಿಗೆ. ಎಚ್ಚರ ತಪ್ಪುವ ಮುಂಚೆ ಗುಬ್ಬಿ ನಕ್ಕಿದ್ದು ಕೇಳಿಸಿತು ಎಂದು ನನ್ನ ಕೈ ಹಿಡಿದು ಖುಷಿಯಿಂದ ಹೇಳಿದಳು. ಇನ್ನೊಂದು ಸಲ ಹಾಗೆ ಬಿದ್ದರೆ ಅವಳು ಏಳುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ.

ಈಗ ನನ್ನ ಪಾಪದ ಮಾತಿಗೆ ಬರುತ್ತೇನೆ. ನನ್ನ ಕಾರ್ಯಕ್ರಮಕ್ಕೆ ಇನ್ನೂರು ಸಂಚಿಕೆ ತುಂಬಿತು. ಕೇಳುಗರ ಅಭಿಪ್ರಾಯಗಳನ್ನೇ ಓದುವ ಒಂದು ವಿಶೇಷ ಸಂಚಿಕೆ ಮಾಡೋಣ ಎಂದು ಹಳೆಯವನ್ನೆಲ್ಲ ಮುದ್ರಿಸಿಕೊಂಡು ಊಟದ ಮೇಜಿನ ಮೇಲೆ ಹರಡಿದೆ. ಬೈದವರದೊಂದು ರಾಶಿ, ಹೊಗಳಿದವರದೊಂದು. ಹೊಗಳಿದವರ ರಾಶಿಯಲ್ಲಿ ‘ಬೆಳಕು’ ಎಂಬ ಹೆಸರು ಹತ್ತೊಂಬತ್ತು ಸಲ ಬಂತು. ಪ್ರತಿ ಸಲವೂ ಐದು ನಕ್ಷತ್ರ, ಪ್ರತಿ ಸಲವೂ ಒಂದೇ ಬೇಡಿಕೆ: “ಗುಬ್ಬಿಯ ಮಾತು ಇನ್ನಷ್ಟು ಹೇಳಿ.” ನಾನು ಮೂರ್ಖ, ಉಬ್ಬಿ ಹೋಗಿ ಹೇಳುತ್ತಲೇ ಬಂದಿದ್ದೆ. ಲಿಫ್ಟು ನಮ್ಮನ್ನು ನುಂಗಿ ಬೇರೆ ಕಡೆ ಉಗುಳುತ್ತದೆ ಎಂದು ಅವಳು ಹೆದರುತ್ತಿದ್ದದ್ದು, ಚಂದ್ರನ ಸ್ವಿಚ್ಚು ಯಾರ ಮನೆಯಲ್ಲಿದೆ ಎಂದು ಕೇಳಿದ್ದು. ವಿಜ್ಞಾನದ ಮಾತು ಶುರುಮಾಡಲು ಇದಕ್ಕಿಂತ ಚೆಂದದ ಪೀಠಿಕೆ ಬೇಕೇ? ಆಮೇಲೆ ‘ಬೆಳಕು’ ಹಾಕಿಕೊಂಡಿದ್ದ ಫೋಟೋ ನೋಡಿದೆ. ಒಡೆದ ಅಂಚಿನ ನೀಲಿ ದೀಪ. ಅಕ್ಕನ ಚೀಲ ಕೊಡಲು ಹೋದಾಗ ಆ ಹೆಂಗಸಿನ ಕಿಟಕಿಯಲ್ಲಿ ಅದನ್ನೇ ಕಂಡಿದ್ದೆ. ಗುಬ್ಬಿ ಹೀಗಂದಳು, ಹಾಗಂದಳು ಎಂದು ಅಕ್ಕ ನನಗೆ ಕಳಿಸಿದ ಸಂದೇಶಗಳನ್ನು ಪಕ್ಕದಲ್ಲಿಟ್ಟು ತಾರೀಖು ನೋಡಿದೆ. ನಾನು ಭಾನುವಾರ ಹೇಳಿದ್ದನ್ನು ಬುಧವಾರದ ಹೊತ್ತಿಗೆ ಗುಬ್ಬಿ ಹೇಳುತ್ತಿದ್ದಳು.

ಕಾಗದಗಳನ್ನೆಲ್ಲ ಬಾಚಿಕೊಂಡು ಅಕ್ಕನ ಹತ್ತಿರ ಓಡಿದೆ. ಅವಳು ನನ್ನ ಕಾರ್ಯಕ್ರಮ ಕೇಳುವುದನ್ನು ಯಾವತ್ತೋ ಬಿಟ್ಟಿದ್ದಾಳೆ, ನಂಬುವವರ ಮೇಲಿನ ನಿನ್ನ ನಗು ಸಹಿಸಲಾರೆ ಎಂದು. ಹಳೆಯ ಸಂಚಿಕೆಗಳನ್ನು ಅವಳ ಕಿವಿಗೆ ಹಿಡಿದು ಒಂದೊಂದಾಗಿ ಕೇಳಿಸಿದೆ. ಪೂರ್ತಿ ಕೇಳಿ ಕಣ್ಣೊರೆಸಿಕೊಂಡು, “ನೋಡಿದ್ಯೇನೋ, ಅವಳೇ ನಿನ್ನ ಬಾಯಿಂದ ಹೇಳಿಸ್ತಿದಾಳೆ” ಎಂದಳು. ಇನ್ನೂರು ಸಂಚಿಕೆ ಊರಿಗೆಲ್ಲ ಪುರಾವೆ ಎಲ್ಲಿ ಎಂದು ಕೇಳಿದವನು ಪುರಾವೆ ಕೈಯಲ್ಲಿ ಹಿಡಿದುಕೊಂಡು ಬೆಪ್ಪನ ಹಾಗೆ ಬಸ್ಸು ಹತ್ತಿ ವಾಪಸ್ಸು ಬಂದೆ.

ಹಾಗಾಗಿ ಮೊನ್ನೆ ಭಾನುವಾರ ನಾನೊಂದು ಕೆಲಸ ಮಾಡಿದೆ. ಗುಬ್ಬಿ ದಿನಾ ಬೆಳಿಗ್ಗೆ ಅಕ್ಕನ ಮಾತ್ರೆಯನ್ನು ತಾನೇ ಒತ್ತಿ ತೆಗೆದು ಅಂಗೈ ಮೇಲಿಡುತ್ತಿದ್ದದ್ದು ನೆನಪಿದೆಯಲ್ಲ? ನುಂಗಿದ ಮೇಲೆ “ಬಾಯಿ ತೆಗಿ, ನಾಲಿಗೆ ಎತ್ತು” ಎಂದು ಇಣುಕಿ ನೋಡಿದ ಮೇಲಷ್ಟೇ ಜಡೆಗೆ ತಲೆ ಕೊಡುತ್ತಿದ್ದಳು. ಅಕ್ಕನ ಕಾಯಿಲೆ ಮನೆಯ ಮಾತೆಂದು ಅದೊಂದನ್ನು ನಾನು ಎಲ್ಲೂ ಹೇಳಿರಲಿಲ್ಲ. ನಮ್ಮ ನಾಲ್ವರದ್ದೇ ಆಗಿ ಉಳಿದಿದ್ದದ್ದು ಅದೊಂದೇ. ಅದನ್ನೂ ಮೈಕಿನ ಮುಂದೆ ಹೇಳಿಬಿಟ್ಟೆ. ಗುಬ್ಬಿ ಇದ್ದಿದ್ದರೆ ಇವತ್ತೂ ಬಿಡುತ್ತಿರಲಿಲ್ಲ ಎಂದು ಎರಡೆರಡು ಸಲ ಹೇಳಿದೆ. ಯಾರ ಕಿವಿಗೆಂದು ನಿಮಗೆ ಗೊತ್ತಾಗಿರಬೇಕು. ಕೇಳುಗರು ಉಗಿದು ಉಪ್ಪಿನಕಾಯಿ ಹಾಕಿದ್ದಾರೆ. “ವಿಜ್ಞಾನ ಕೇಳಲು ಬಂದರೆ ಮನೆಯ ಗೋಳು ಕೇಳಿಸಿದಿರಿ” ಎಂದು ಒಬ್ಬರು. “ಅಕ್ಕನ ಕಾಯಿಲೆಯನ್ನು ಊರಿಗೆ ಸಾರಲು ನಿಮಗೆ ಅನುಮತಿ ಕೊಟ್ಟವರು ಯಾರು?” ಎಂದು ಇನ್ನೊಬ್ಬರು, ಒಂದೇ ನಕ್ಷತ್ರ. ಆ ಒಂದು ನಕ್ಷತ್ರವೂ ಹೆಚ್ಚಾಯಿತು ಎನ್ನಿಸಿತು.

ನೀವು ಹಡಗು ಬಿಟ್ಟು ಮನೆಗೆ ಮರಳಲು ಇನ್ನೂ ಮೂರು ತಿಂಗಳಿದೆ. ಫೋನಿನಲ್ಲಿ ಅಕ್ಕನನ್ನು ಗದರಬೇಡಿ, ಅವಳು ಮಾತೇ ಬಿಟ್ಟುಬಿಡುತ್ತಾಳೆ. ಬೆನ್ನಿಗೆ ಮುಲಾಮು ಹಚ್ಚಿಕೊಳ್ಳಿ. ಅಡುಗೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಉಪ್ಪಿನ ವಿಷಯದಲ್ಲಿ ನೀವೇ ಸೋತುಬಿಡಿ.

ನಿಮ್ಮ,
ಗುಬ್ಬಿಯ ಮಾಮ

ತಾ.ಕ.: ಗುರುವಾರ. ಲಕೋಟೆ ಅಂಟಿಸಿದ್ದವನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಅಕ್ಕ ಫೋನು ಮಾಡಿದ್ದಳು. “ಗುಬ್ಬಿ ನಿನ್ನೆ ಬೈದಳು ಕಣೋ. ಬಾಯಿ ತೆಗಿ, ನಾಲಿಗೆ ಎತ್ತು ಅಂದಳು” ಎಂದು ಅತ್ತಳು, ನಕ್ಕಳು. ನಿನ್ನೆಯೂ ಇವತ್ತೂ ಮಾತ್ರೆ ನುಂಗಿದ್ದಾಳೆ. ನಿಮಗೂ ಹೇಳುತ್ತಾಳೆ, ಮೊದಲ ಸಲ ಕೇಳಿದವರ ಹಾಗೆ ಕೇಳಿ. ‘ಬೆಳಕು’ ಮತ್ತೆ ಐದು ನಕ್ಷತ್ರ ಕೊಟ್ಟು, ಇನ್ನಷ್ಟು ಹೇಳಿ ಎಂದಿದ್ದಾಳೆ. ಹೇಳದಿದ್ದರೆ ಗುಬ್ಬಿ ಸುಮ್ಮನಾಗುತ್ತಾಳೆ, ಸುಮ್ಮನಾದರೆ ಅಕ್ಕ ಮಾತ್ರೆ ಬಿಡುತ್ತಾಳೆ. ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ, ಭಾವ. ನಿಮಗೆ ನೆನಪಿರುವುದನ್ನೆಲ್ಲ ಬರೆದು ಬೇಗ ಕಳಿಸಿ. ಚಿಕ್ಕದಾದರೂ ಪರವಾಗಿಲ್ಲ, ನಿಜವಾದದ್ದೇ ಇರಲಿ. ಸುಳ್ಳಾದರೆ ಅಕ್ಕ ಹಿಡಿದುಬಿಡುತ್ತಾಳೆ.