ಗೆದ್ದ ಮೇಲಿನ ಎತ್ತರ

ಮನೆ
ಮಾರ್ಚ್ ೧೧, ಮಂಗಳವಾರ

ನನ್ನ ಪ್ರೀತಿಯ ಜಿರಾಫೆ,

ಹೇಗಿದ್ದೀಯೇ? ಶಿಬಿರದಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಾರೋ ಇಲ್ಲವೋ? ಕಾಲು ಹೇಗಿದೆ ಎಂದರೆ ಫೋನಿನಲ್ಲಿ ಹಾರಿಕೆಯ ಮಾತಾಡುತ್ತೀಯ. ಅಮ್ಮ ಚೆನ್ನಾಗಿದ್ದಾಳೆ. ಗುಡಿಸುವ ನೆಪದಲ್ಲಿ ದಿನಾ ನಿನ್ನ ಕೋಣೆಗೆ ಹೋಗಿ ಸುಮ್ಮನೆ ಕೂತಿರುತ್ತಾಳೆ. ನನಗೆ ಮಾತ್ರ ಸಾಕುಸಾಕಾಗಿದೆ ಕಣೇ.

ಅಂಗಡಿಯಲ್ಲಿ ದಿನವಿಡೀ ಮಂಡಿಯೂರಿ ಕಂಡಕಂಡವರ ಪಾದಕ್ಕೆ ಬೂಟು ತೊಡಿಸುವುದೇ ಒಂದು ಪಾಡು. ಈಗ ಹೊಸ ಪೀಡೆ ಬೇರೆ. ಮನುಷ್ಯನ ದೇಹ ಮಿತಿ ಮುಟ್ಟಿದೆ, ಇನ್ನು ದಾಖಲೆ ಮುರಿಯುವುದು ಕಷ್ಟ ಎಂದು ಪೇಪರಿನಲ್ಲಿ ಬಂದಿದ್ದನ್ನು ಅಂಗಡಿಯ ಯಜಮಾನರು ಕತ್ತರಿಸಿ ಗೋಡೆಯ ಮೇಲಿನ ನನ್ನ ಹಳೇ ಫೋಟೋ ಪಕ್ಕ ಅಂಟಿಸಿದ್ದಾರೆ. ಬಂದವರೆಲ್ಲ, "ಏನ್ ಮೇಡಂ, ನಿಮ್ಮ ಎತ್ತರ ಜಿಗಿತದ ದಾಖಲೇನ ಯಾರೂ ಮುರಿಯೋಕೇ ಆಗಲ್ವಂತೆ?" ಎನ್ನುತ್ತಾರೆ. "ಭಾನುವಾರ ನನ್ ತಂಗಿ ಮುರೀತಾಳೆ, ತಡ್ಕೊಳ್ಳಿ" ಎಂದು ಹೇಳಿ, ಸ್ಟೂಲು ಹಿಡಿದುಕೊಂಡು ಏಳುತ್ತೇನೆ.

ಮಿತಿ ಇದೆಯೋ ಇಲ್ಲವೋ, ಯಾವನಿಗೆ ಗೊತ್ತು! ನಮ್ಮ ಆಟದ ಕರ್ಮವೇ ಬೇರೆ. ಗೆದ್ದವಳೂ ಎತ್ತರ ಏರಿಸಿಕೊಂಡು ಮತ್ತೆ ಮತ್ತೆ ಹಾರಿ, ಕೊನೆಗೆ ಬಾರ್ ಬೀಳಿಸಿಯೇ ಮನೆಗೆ ಹೋಗುತ್ತಾಳೆ. ಅವತ್ತು ನಾನು ಗೆದ್ದಾಗಿತ್ತು, ದಾಖಲೆಯೂ ಆಗಿತ್ತು. "ಬಾರ್ ಇನ್ನೆಷ್ಟಕ್ಕೆ ಇಡೋಣಮ್ಮ?" ಎಂದು ತೀರ್ಪುಗಾರರು ಕೇಳಿದರು. ಸಾಕು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ನಿಯಮದಲ್ಲೇ ಅವಕಾಶವಿದೆ. ಪಾದ ಬೆಳಗಿನಿಂದಲೇ ಚುಚ್ಚುತ್ತಿತ್ತು. ಆದರೆ ಜನ ಚಪ್ಪಾಳೆ ಹೊಡೆಯುತ್ತಿದ್ದರಲ್ಲ, ಇನ್ನೂ ಮೇಲಕ್ಕಿಡಿ ಎಂದು ಕೈಯೆತ್ತಿ ತೋರಿಸಿಬಿಟ್ಟೆ. ಆಮೇಲಿನದು ನಿನಗೆ ಗೊತ್ತೇ ಇದೆ. ನನ್ನ ಪ್ಲಾಸ್ಟರಿನ ಮೇಲೆ ಬೆಕ್ಕಿನ ಚಿತ್ರ ಬರೆದವಳು ನೀನೇ. ನನ್ನ ದಾಖಲೆಯ ಎತ್ತರ ಎಲ್ಲರಿಗೂ ಬಾಯಿಪಾಠ. ಅವತ್ತಿನಿಂದ ನಾನು ಒಂದು ಮೆಟ್ಟಿಲನ್ನೂ ಹಾರಿಲ್ಲ ಎನ್ನುವುದನ್ನು ಯಾರೂ ಕೇಳುವುದಿಲ್ಲ.

ಅಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿದುಕೊ. ಹೊತ್ತಿಗೆ ಸರಿಯಾಗಿ ಮಲಗು.

ಇಂತಿ ನಿನ್ನ ಕುಂಟಕ್ಕ

ತಾ.ಕ.: ನಿನ್ನ ಫಿಸಿಯೋ ಫೋನ್ ಮಾಡಿದ್ದರು. ಮೊಣಕಾಲಿನ ಕೆಳಗೆ ಮೂಳೆ ಬಿರುಕು ಬಿಟ್ಟಿದೆಯಂತೆ, ಮನೆಗೆ ಹೇಳಬೇಡಿ ಎಂದು ನೀನು ಅತ್ತುಬಿಟ್ಟೆಯಂತೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಭಾನುವಾರ ಹಾರಬೇಡ ಪುಟ್ಟಿ. ಶನಿವಾರ ಬೆಳಗಿನ ಬಸ್ಸಿಗೇ ನಾನು ಬರುತ್ತಿದ್ದೇನೆ. ತನ್ನ ದಾಖಲೆ ಉಳಿಸಿಕೊಳ್ಳೋಕೆ ಬಂದಳು ಅಂತ ನಿನಗೆ ಅನ್ನಿಸಿದರೆ ಅನ್ನಿಸಲಿ. ಜನ್ಮವಿಡೀ ನನ್ನನ್ನು ಬೈದುಕೋ, ಪರವಾಗಿಲ್ಲ. ನಿನ್ನ ಕಾಲ ಮೇಲೆ ನೀನು ನಡೆದುಕೊಂಡು ಮನೆಗೆ ಬಂದರೆ ಸಾಕು.