ಒಂದು ಕಿತ್ತಳೆ, ಎರಡು ಕುಕ್ಕರ್

ಲೂಕನ್
೧೭ ಫೆಬ್ರವರಿ ೨೦೨೫, ಸೋಮವಾರ

ನನ್ನ ಮುದ್ದು ಪೃಥ್ವಿ,

ಹೇಗಿದ್ದೀಯ? ಲೆಟರ್‌ಕೆನ್ನಿಯ ಆಸ್ಪತ್ರೆಯ ಕಂಪ್ಯೂಟರ್‌ಗಳೆಲ್ಲ ಕ್ಷೇಮವೇ? ನೀನು ಹೋಗಿ ಹತ್ತು ದಿನವಾದ ಮೇಲೆ ಬರೆಯುತ್ತಿದ್ದೇನೆ, ಸಾರಿ, ಸಾವಿರ ಸಾರಿ! ಮದುವೆಯಾದ ಮೂರೇ ತಿಂಗಳಿಗೆ ಗಂಡನಿಗೆ ಅಂಚೆಯಲ್ಲಿ ಕಾಗದ ಹಾಕುವ ಹುಚ್ಚಿ ಇಡೀ ಐರ್ಲೆಂಡಿನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಫೋನಿನಲ್ಲಿ ಮಾತಾಡುವಾಗಲೆಲ್ಲ ನಿನ್ನಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಹತ್ತನೇ ಕ್ಲಾಸಿನ ನಂತರ ಇದೇ ಮೊದಲು, ನಗಬೇಡ.

ಅತ್ತೆ ಚೆನ್ನಾಗಿದ್ದಾರೆ. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ತಂದ ಅವರ ಕುಕ್ಕರೂ ಚೆನ್ನಾಗಿದೆ. ಮೊನ್ನೆ ಅದಕ್ಕೆ ನನ್ನ ಕೈ ತಗುಲಿತೆಂದು ಹುಣಸೆಹಣ್ಣು ಹಾಕಿ ಮೂರು ಸಲ ತೊಳೆದರು. ಮೀನು ತಿನ್ನುವ ಮನೆಯ ಹುಡುಗಿ ನೋಡು ನಾನು! ನಾನು ಮಾಡಿದ ಅಡುಗೆಯನ್ನಂತೂ ಅವರು ಬೆರಳಿನಲ್ಲೂ ಮುಟ್ಟುವುದಿಲ್ಲ.

ಶನಿವಾರ ಪಕ್ಕದ ಮನೆಯ ಮಿರಿಯಮ್ ಅಜ್ಜಿ ಕೋಟು ಹಾಕಿಕೊಂಡು ಬಾಗಿಲಿಗೆ ಬಂದರು. "ನಮ್ಮನೆ ಒಳಗೆ ಎಷ್ಟು ಚಳಿ ಗೊತ್ತಾ," ಅಂದರು, ಅಷ್ಟೇ. ಅವರು ಯಹೂದಿಯರು, ಶನಿವಾರ ಅವರ ವಿಶ್ರಾಂತಿಯ ದಿನ, ಸ್ವಿಚ್ ಮುಟ್ಟುವಂತಿಲ್ಲ, ಹಾಕಿಕೊಡು ಎಂದು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ನಾನು ಹೋಗಿ ಹೀಟಿಂಗ್ ಹಾಕಿ ಬಂದೆ. ಅತ್ತೆ ಕಾಯುತ್ತಲೇ ಇದ್ದರು.

"ದೇವ್ರು ತಮ್ಮನ್ನೇ ಆರಿಸ್ಕೊಂಡಿದ್ದಾನೆ ಅಂತಾರಂತೆ ಆ ಜನ. ನಿನ್ನನ್ನ ಕೆಲಸದವಳನ್ನಾಗಿ ಮಾಡ್ಕೊಂಡ್ಳು ನೋಡು."

ನನಗೆ ಉರಿದುಹೋಯಿತು ಪೃಥ್ವಿ! ಭಾನುವಾರ ಬೇಕೆಂದೇ ಚಿತ್ರಾನ್ನ ಮಾಡಿ ಅಜ್ಜಿಗೆ ಕೊಂಡೊಯ್ದೆ. ಅವರೂ ಬೇಡವೆಂದರು! "ಸಾರಿ ಲವ್, ನನ್ನ ಊಟದ ಕಟ್ಟಳೆ ಬೇರೆ."

"ಅಂದ್ರೆ ದೇವರು ನಿಮ್ಮನ್ನ ಮಾತ್ರ ಆರಿಸಿದ, ನಾವೆಲ್ಲ ಲಾಸ್ಟ್ ಬೆಂಚಾ?" ಎಂದು ಕೇಳಿಯೇಬಿಟ್ಟೆ.

ಅಜ್ಜಿ ಕೆಮ್ಮು ಬರುವವರೆಗೂ ನಕ್ಕರು. "ಆರಿಸಿದ್ದು ಕೆಲಸಕ್ಕೆ ಮಗಳೇ. ನನ್ನ ತಲೆ ಮೇಲೆ ಆರುನೂರ ಹದಿಮೂರು ಕಟ್ಟಳೆ ಇದೆ. ನಿನಗೆ ಏಳೇ ಸಾಕು, ಕೊಲ್ಲಬೇಡ, ಕದಿಯಬೇಡ, ಹೀಗೆ. ಅಷ್ಟು ಮಾಡಿದ್ರೆ ದೇವರ ಹತ್ರ ನೀನು ಗ್ರ್ಯಾಂಡ್, ಏನೂ ಕಮ್ಮಿಯಿಲ್ಲ."

"ಮತ್ತೆ ನಿನ್ನೆ ಹೀಟಿಂಗ್?"

"ಅದು ನಿನ್ನ ಉಪಕಾರ. ನೀನು ಹಾಕದಿದ್ರೆ ಕೋಟಲ್ಲೇ ಕೂತಿರ್ತಿದ್ದೆ." ಆಮೇಲೆ ನನ್ನ ಚೀಲದಲ್ಲಿದ್ದ ಕಿತ್ತಳೆ ನೋಡಿ, "ಇದನ್ನ ಸುಲಿದು ಕೊಡು, ಹಣ್ಣಿಗೆ ಅಡ್ಡಿಯಿಲ್ಲ," ಅಂದರು. ನನ್ನ ಕೈಯಿಂದಲೇ ತೊಳೆ ತೊಳೆಯಾಗಿ ತಿಂದರು.

ನನಗೆ ಈಗಲೂ ಒಪ್ಪಿಗೆಯಿಲ್ಲ. ಒಬ್ಬರನ್ನೇ ಎಬ್ಬಿಸಿ ಕ್ಲಾಸ್ ಲೀಡರ್ ಮಾಡುವ ಟೀಚರನ್ನೇ ಸಹಿಸದವಳು, ಅಂಥ ದೇವರನ್ನು ಹೇಗೆ ಸಹಿಸಲಿ? ಮಿರಿಯಮ್ ಅಜ್ಜಿಗೂ ಹಾಗೇ ಹೇಳಿದೆ. ಆದರೆ ಆ ಅಜ್ಜಿ ತನ್ನ ಕಟ್ಟಳೆಗೆ ತಾನು ಚಳಿಯಲ್ಲಿ ನಡುಗುತ್ತಾರೆ. ನಿನ್ನಮ್ಮನ ಕಟ್ಟಳೆಗೆ ನಡುಗಬೇಕಾದವಳು ನಾನು, ಅದೂ ನನ್ನದೇ ಅಡುಗೆಮನೆಯಲ್ಲಿ! ಅವರನ್ನು ಯಾವ ದೇವರು ಆರಿಸಿದ, ಯಾವಾಗ, ನನಗೂ ಯಾರಾದರೂ ಹೇಳಲಿ.

ನನಗೆ ಬೇಕಾದದ್ದು ಒಂದೇ. ಈ ಶನಿವಾರ ನೀನು ಬಂದಾಗ ಒಲೆಯ ಮೇಲೆ ಎರಡೂ ಕುಕ್ಕರ್ ಇರುತ್ತವೆ. ನಿನ್ನಮ್ಮನ ಎದುರಿಗೇ ಕೂತು ನನ್ನ ಕುಕ್ಕರಿನ ಅನ್ನ ಉಣ್ಣಬೇಕು. ಭಾಷಣ ಬೇಡ, ಜಗಳ ಬೇಡ. ಉಂಡರೆ ಸಾಕು.

ಯಾರನ್ನೂ ಆರಿಸದ ದೇವರೊಬ್ಬನಿದ್ದರೆ ಅವನು ನಿನ್ನನ್ನು ಬೆಚ್ಚಗಿಟ್ಟಿರಲಿ. ಮಫ್ಲರ್ ಮರೆಯಬೇಡ.

ಮುತ್ತುಗಳೊಂದಿಗೆ,
ನಿನ್ನ ಚೈತನ್ಯಾ

ಮರೆತಿದ್ದು: ಇಲ್ಲ, ಮರೆತಿರಲಿಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಊಟದ ಕಸದ ಕಂದು ಬಿನ್ ಹೊರಗಿಡಲು ಹೋದಾಗ, ತಳದಲ್ಲಿ ನೀನು ಹೊರಟ ದಿನ ನಾನು ಕಟ್ಟಿಕೊಟ್ಟ ಪುಳಿಯೋಗರೆ ಇತ್ತು. ಬೂಸಲು ಹಿಡಿದಿತ್ತು, ಗೋಡಂಬಿಯಿಂದ ಗುರುತು ಸಿಕ್ಕಿತು. ಅತ್ತೆಯ ಮೇಲೆ ಕೂಗಾಡಿದೆ. "ನಾನ್ಯಾಕೆ ಮುಟ್ಲಿ ಅದನ್ನ? ಅವನೇ ಸುರಿದು, ನಾನು ಕಟ್ಟಿದ ಡಬ್ಬಿ ತಗೊಂಡು ಹೋದ," ಅಂದರು. ನಾನು ಅವರನ್ನು ನಂಬಿದೆ, ಪೃಥ್ವಿ. ನಿನ್ನಮ್ಮ ನನ್ನ ಅಡುಗೆ ಬೇಡವೆಂದು ನನ್ನ ಮುಖಕ್ಕೇ ಹೇಳುತ್ತಾರೆ. ನೀನು ಅವತ್ತು ರಾತ್ರಿ ಫೋನ್ ಮಾಡಿ, "ಪುಳಿಯೋಗರೆ ಸೂಪರ್ ಕಣೇ, ದಾರೀಲೇ ಖಾಲಿ ಮಾಡ್ದೆ," ಅಂದಿದ್ದೆ.