ಪೂಜೆಗಿಡಬಾರದ ಚಿಲಕ

ಸೊಲ್ಲಾಪುರ
೨೨-೯-೨೦೨೫

ಯೋಗಿರಾಜ ಅವರಿಗೆ, ಸಿಟ್ಟು ಇನ್ನೂ ಪೂರ್ತಿ ಇಳಿಯದ ನಿಮ್ಮ ಹೆಂಡತಿ ಮಾಡುವ ಶರಣಾರ್ಥಿ.

ಫೋನಿರುವಾಗ ಪತ್ರವೇಕೆ ಎಂದು ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಫೋನು ಯಾವಾಗಲೂ ಬಂದೂಕು ರಿಪೇರಿಯ ಹಲಗೆಯ ಮೇಲೆ ಬಿದ್ದಿರುತ್ತದೆ, ಅಕ್ಕಲಕೋಟೆಯ ಗಿರಾಕಿಗಳೆಲ್ಲ ಇಣುಕುತ್ತಾರೆ. ಇಲ್ಲಿ ತವರಿನಲ್ಲಿ ನಾನು ಬಾಯಿ ತೆರೆದರೆ ಇಡೀ ಮನೆಗೆ ಕೇಳುತ್ತದೆ. ಕಾಗದವಾದರೆ ನಿಶ್ಚಿಂತೆ. ಇವರು ಆಡುವುದು ಕನ್ನಡ, ಕಲಿತದ್ದು ಮರಾಠಿ ಶಾಲೆ. ತಡವಳದ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಓದಿದವಳು ನಾನೊಬ್ಬಳೇ. ಅತ್ತಿಗೆ ಪೂನಮ ಈಗಲೂ ಪಕ್ಕದಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದಾಳೆ. ದೇವಿಯ ಹಾಡು ಬರೆದುಕೊಳ್ಳುತ್ತಿದ್ದೇನೆ ಎಂದು ಹೇಳಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಕೈಜಾರಿ ಬಿದ್ದರೂ ಬಂದೂಕಿನಿಂದ ಗುಂಡು ಹಾರದಂತೆ ತಡೆಯಲು ನೀವು ಮಾಡಿದ ಚಿಲಕದ ಮೇಲೆ ನನ್ನಣ್ಣ ಪ್ರಸಾದನ ಕಣ್ಣು ಬಿದ್ದಿದೆ. ಹೊಲ ಕಾಯುವ ಕಲ್ಲಣ್ಣನ ಕಾಲು ಹೋದಂದಿನಿಂದ ನೀವು ಊಟ ಮರೆತು ಅದನ್ನು ತಿದ್ದಿದವರು. ಅಣ್ಣ ಕೊಳ್ಳಲು ಬಂದಾಗ ಕೊಡಲಿಲ್ಲ. ನಾನು ವ್ಯಾಪಾರಸ್ಥರ ಮಗಳು, ಬಂದ ಗಿರಾಕಿಯನ್ನು ಬಿಡುವುದು ಹುಚ್ಚಾಟವೆನಿಸಿ ಜಗಳವಾಡಿ ಇಲ್ಲಿಗೆ ಬಂದೆ. ಹಾಗಾಗಿ ಅಣ್ಣ ನನ್ನನ್ನು ತನ್ನ ಕಡೆಯವಳೆಂದೇ ನಂಬಿದ್ದಾನೆ.

ನಿನ್ನೆ ಒಬ್ಬ ಕಾರಖಾನೆಯವನು ಊಟಕ್ಕೆ ಬಂದಿದ್ದ. ನಾನು ಬಡಿಸುತ್ತಿದ್ದಂತೆಯೇ ಅಣ್ಣ ಅವನಿಗೆ ಹೇಳಿದ: “ಖಂಡೇನವಮಿಗೆ ಅಂವ ಅದನ್ನ ಆಯುಧಪೂಜಾಕ್ಕ ಇಟ್ಟೇ ಇಡ್ತಾನ. ದುಡಿಯೂ ಸಾಮಾನ ಬಚ್ಚಿಟ್ಟರ ದೇವಿ ಸಿಟ್ಟಾಗ್ತಾಳ ಅನ್ನಾಂವ. ನಾಕು ಫೋಟೋ ಸಿಕ್ಕರ ಸಾಕು, ಅರ್ಜಿ ನಮ್ಮ ಹೆಸರಲೇ ಹೋಗ್ತದ.” ನಿಮ್ಮ ಭಕ್ತಿಯನ್ನೇ ಕಳ್ಳದಾರಿ ಮಾಡಿಕೊಂಡರಲ್ಲ ಎನಿಸಿತು. ಆದರೂ ಕಾರಖಾನೆಯವನಿಗೆ ಇನ್ನೊಂದು ಹೋಳಿಗೆ ಬಡಿಸಿದೆ.

ಇವತ್ತು ಗುಡಿಯ ನೆಪ ಹೇಳಿ ಗೆಳತಿ ಸ್ನೇಹಲಳನ್ನು ಕಂಡೆ. ಅವಳು ವಕೀಲೆ, ಪೇಟೆಂಟ್ ಕೆಲಸವೇ ಅವಳದು. “ಅರ್ಜಿ ಹೋಗೂತನಕ ಯಾರಿಗೂ ತೋರಿಸಬ್ಯಾಡ ಅನ್ನು. ನಾಕು ಮಂದಿ ಮುಂದ ಇಟ್ಟು, ಆಮ್ಯಾಲ ಇದು ನಂದು ಅಂದ್ರ ನಡಿಯಂಗಿಲ್ಲ” ಎಂದಳು. ನೀವು ಚಿಲಕದ ನಕ್ಷೆಗಳನ್ನು ತೆಗೆದುಕೊಂಡು ನವಮಿಗೆ ಮೊದಲೇ ಅವಳ ಕಚೇರಿಗೆ ಹೋಗಿ. ಅವಳು ನಿಮ್ಮ ಹೆಸರಿನಲ್ಲೇ ಅರ್ಜಿ ಹಾಕುತ್ತಾಳೆ. ಬರುವಾಗ ಮಾತ್ರ ನಮ್ಮ ಓಣಿ ಹಾಯಬೇಡಿ.

ಪೂಜೆಗೆ ಅರ, ಸುತ್ತಿಗೆ, ಇಕ್ಕಳ ಎಲ್ಲ ಇಡಿ. ಚಿಲಕ ಬೇಡ. ದೇವಿಗೆ ಮೋಸವಾಯಿತೆಂದು ಮುಖ ಸಣ್ಣ ಮಾಡಬೇಡಿ. ಹಸುಗೂಸನ್ನೂ ತೊಟ್ಟಿಲಿಗೆ ಹಾಕುವ ತನಕ ಕಂಡವರ ಕಣ್ಣಿಗೆ ಬೀಳಿಸುವುದಿಲ್ಲ. ಅದಕ್ಕೆ ದೇವಿ ಎಂದಾದರೂ ಮುನಿದಿದ್ದಾಳೆಯೇ? ನಿಮ್ಮ ಕೈಯ ಕೆಲಸಕ್ಕೆ ಇನ್ನೊಬ್ಬರ ಹೆಸರು ಬೀಳುವುದನ್ನು ನಾನು ನೋಡಲಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಜಗಳವಾಡಿದರೂ ನಿಮ್ಮವಳೇ,
ನೀಲಗಂಗಾ

ತಾ.ಕ.: ಫೋಟೋ ತೆಗೆಯಲು ಬರುವವಳು ನಾನೇ. “ಸೊಸಿ ಪೂಜಾಕ್ಕ ಹೋದ್ರ ಯಾರು ಸಂಶಯ ಮಾಡ್ತಾರ?” ಎಂದ ಅಣ್ಣ. ಹೂಂ ಅಂದಿದ್ದೇನೆ. ಕೆಟ್ಟುಹೋದ ಹೊಲಿಗೆ ಯಂತ್ರದ ಯಾವುದಾದರೂ ಕೀಲನ್ನು ತಿಕ್ಕಿ, ಕುಂಕುಮ ಹಚ್ಚಿ ಇಡಿ. ಅದರದೇ ಫೋಟೋ ನಾಲ್ಕೂ ಕಡೆಯಿಂದ ತೆಗೆದು ಅಣ್ಣನಿಗೆ ಕಳಿಸುತ್ತೇನೆ. ಗುಟ್ಟು ರಟ್ಟಾದ ಮೇಲೆ ಈ ಮನೆಯಲ್ಲಿ ನನಗೆ ಜಾಗವಿರುವುದಿಲ್ಲ, ಅದಕ್ಕೇ ಸೀರೆಗಳನ್ನೆಲ್ಲ ತುಂಬಿಕೊಂಡು ಬರುತ್ತಿದ್ದೇನೆ. ನವಮಿಯಂದು ಬಸ್ ಸ್ಟ್ಯಾಂಡಿಗೆ ಗಾಡಿ ತನ್ನಿ, ಪೆಟ್ಟಿಗೆ ಭಾರವಿರುತ್ತದೆ.